ಆಯಿಯ ಸಣ್ಣ ಗಾಡಿ ಹುಡುಕಿಕೊಂಡು ನಾಲ್ಕು ದಿನ

ನಮ್ಮ ಆಯಿ, ಅಂದರೆ ಅಜ್ಜಿ, ಇದ್ದಾಗ ಪಂಢರಪುರದ ಮಾತು ಬಂದರೆ ದೇವರ ವಿಷಯ ಆಮೇಲೆ, ಮೊದಲು ಗಾಡಿ ವಿಷಯ. "ಮೂರು ಗಾಡಿ ಹತ್ತಿ ಇಳದ್ರ ವಿಠ್ಠಪ್ಪ" ಅನ್ನುತ್ತಿದ್ದಳು. ಇಂಡಿ ರೋಡಿನಲ್ಲಿ ಮೀಟರ್ ಗೇಜ್ ಹತ್ತಿ ಸೊಲ್ಲಾಪುರ. ಅಲ್ಲಿಂದ ದೊಡ್ಡ ಗಾಡಿಯಲ್ಲಿ ಕುರ್ಡುವಾಡಿ. ಅಲ್ಲಿ ಇಳಿದು ಗಂಟು, ಬುತ್ತಿ, ಮಕ್ಕಳು ಎಲ್ಲವನ್ನೂ ಎಳೆದುಕೊಂಡು ಸಣ್ಣ ಗಾಡಿ. ಒಂದೇ ಯಾತ್ರೆಗೆ ಮೂರು ಅಳತೆಯ ಹಳಿ! ಕಲ್ಲಿದ್ದಲ ಪುಡಿ ಕಣ್ಣಿಗೆ ಬೀಳದಿರಲಿ ಅಂತ ಸೆರಗನ್ನು ಮುಖದ ಮೇಲೆ ಹಾಕಿಕೊಂಡೇ ಕೂರುತ್ತಿದ್ದಳಂತೆ. ಹಾಗಾಗಿ ಅವಳು ದಾರಿಯನ್ನು ನೋಡಿದ್ದಕ್ಕಿಂತ ಕೇಳಿದ್ದೇ ಜಾಸ್ತಿ.

ಆ ಸಣ್ಣ ಗಾಡಿಯ ಹೆಸರು ಬಾರ್ಶಿ ಲೈಟ್ ರೈಲ್ವೆ. ಹಳಿಗಳ ನಡುವೆ ಎರಡೂವರೆ ಅಡಿ, ಅಂದರೆ 762 ಮಿ.ಮೀ. ಈಗ ಇಲ್ಲ. ಇಲ್ಲದ ಗಾಡಿಯನ್ನು ನೋಡೋಕೆ ಬೈಕ್ ಮೇಲೆ ಹೋಗೋಣ ಅಂದಾಗ ನನ್ನ ಮಾವನ ಮಗ ಒಂದೇ ಪ್ರಶ್ನೆ ಕೇಳಿದ: "ಊಟಾ ಚೊಲೊ ಸಿಗ್ತದಿಲ್ಲೋ?" ಸಿಗ್ತದ ಅಂದೆ. ಹೊರಟೆವು. ಸಂಕ್ರಾಂತಿ ಮುಗಿದ ವಾರ ಅದು.

ಮೊದಲ ದಿನ: ವಿಜಯಪುರ, ಚಡಚಣ, ಮಂಗಳವೇಢೆ, ಪಂಢರಪುರ

ಬೆಳಿಗ್ಗೆ ಆರಕ್ಕೆ ವಿಜಯಪುರ ಬಿಟ್ಟಾಗ ಕೈ ಮರಗಟ್ಟುವಷ್ಟು ಚಳಿ. ಜನವರಿಯಲ್ಲಿ ಬೈಕ್ ಮೇಲೆ ಹೋಗುವವರು ಕೈಗವಸು ಮರೀಬೇಡಿ. ನಾನು ಮರೆತೆ. ಹೊರ್ತಿಯವರೆಗೆ ಒಂದು ಕೈ ಹ್ಯಾಂಡಲ್ ಮೇಲೆ, ಒಂದು ಕೈ ಕಂಕುಳಲ್ಲಿ. ಝಳಕಿಯಲ್ಲಿ ಹೆದ್ದಾರಿ ಬಿಟ್ಟು ಎಡಕ್ಕೆ ಚಡಚಣದ ಕಡೆ ತಿರುಗಿದೆವು. ಚಡಚಣದಲ್ಲಿ ಸೂಸಲಾ, ಮೇಲೆ ಎರಡು ಬಿಸಿ ಮಿರ್ಚಿ. ಚಳಿ ಹೋಗಿದ್ದು ಆಗಲೇ.

ಅಲ್ಲಿಂದ ಮುಂದೆ ಕಬ್ಬಿನ ಟ್ರ್ಯಾಕ್ಟರುಗಳ ರಾಜ್ಯ. ಒಂದೊಂದಕ್ಕೂ ಎರಡೆರಡು ಟ್ರೇಲರ್, ಕಬ್ಬು ಎರಡೂ ಕಡೆ ರಸ್ತೆಗೆ ಚಾಚಿಕೊಂಡಿರುತ್ತೆ. ಟ್ರ್ಯಾಕ್ಟರಿನ ಸ್ಪೀಕರಿನಲ್ಲಿ ಹಾಡು ಎಷ್ಟು ಜೋರು ಅಂದರೆ ನಮ್ಮ ಹಾರ್ನ್ ಅವರಿಗೆ ಕೇಳೋದೇ ಇಲ್ಲ. ಹಿಂದಿಕ್ಕೋ ಆಸೆ ಬಿಟ್ಟು ಹಿಂದೆಯೇ ಹೋಗಬೇಕು. ಈ ಕಾರ್ಖಾನೆ ಸೀಸನ್ನಿನಲ್ಲಿ ರಾತ್ರಿ ಪ್ರಯಾಣವಂತೂ ಬೇಡವೇ ಬೇಡ, ಹಿಂದಿನ ಟ್ರೇಲರಿಗೆ ದೀಪ ಇರೋದು ಕಡಿಮೆ.

ಗಡಿ ಎಲ್ಲಿ ದಾಟಿದೆವೋ ಬೋರ್ಡು ನೋಡಿಯೇ ಗೊತ್ತಾಗಬೇಕು. ಅಂಗಡಿಯ ಹೆಸರು ಮರಾಠಿಗೆ ತಿರುಗಿತು, ಅಂಗಡಿಯವನ ಮಾತು ಮಾತ್ರ ಕನ್ನಡದಲ್ಲೇ ಇತ್ತು. ಎರಡೂ ಕಡೆ ಕರಿ ಮಣ್ಣು, ಎದೆಮಟ್ಟ ಜೋಳ. ಮಂಗಳವೇಢೆ ಅಂದರೆ ಈ ಕಡೆ ಜೋಳಕ್ಕೆ ಇನ್ನೊಂದು ಹೆಸರು. ಒಂದು ಹೊಲದಲ್ಲಿ ಹೊಗೆ ಕಂಡು ಬೈಕ್ ನಿಲ್ಲಿಸಿದೆವು. ಸಣ್ಣ ಗುಂಡಿಯಲ್ಲಿ ಕುಳ್ಳಿನ ಬೆಂಕಿ ಮಾಡಿ ಒಬ್ಬ ಮುದುಕ ಹಸಿ ತೆನೆ ಸುಡುತ್ತಿದ್ದ. ಸೀತನಿ! ಕರೆಯೋ ಮೊದಲೇ ನನ್ನ ಜೊತೆಗಾರ ಕೂತಾಗಿತ್ತು. ತೆನೆಯನ್ನು ಬಿಸಿ ಇರುವಾಗಲೇ ಅಂಗೈಯಲ್ಲಿ ಉಜ್ಜಿ, ಉಫ್ ಅಂತ ಊದಿ ಹೊಟ್ಟು ಹಾರಿಸಿ, ಹಸಿರು ಕಾಳನ್ನು ನಮ್ಮ ಕೈಗೆ ಸುರಿದ. ಜೊತೆಗೆ ಬೆಲ್ಲ, ಶೇಂಗಾ ಹಿಂಡಿ. "ಬಸವಣ್ಣ ಇಲ್ಲೇ ಲೆಕ್ಕಾ ಬರ್ಕೊಂಡಿದ್ದ, ಗೊತ್ತದ ಇಲ್ಲೋ?" ಅಂತ ಕೇಳಿದ. ಬಿಜ್ಜಳನ ಮಂಗಳವಾಡ ಇದೇ ಊರು, ಬಸವಣ್ಣ ಕಲ್ಯಾಣಕ್ಕೆ ಹೋಗೋ ಮೊದಲು ಇಲ್ಲಿ ಕರಣಿಕನಾಗಿದ್ದ ಅಂತ ಶಾಲೆಯಲ್ಲಿ ಓದಿದ್ದೆ. ಆದರೆ ಸೀತನಿ ತಿನ್ನುತ್ತಾ ಕೇಳಿದಾಗ ಪಕ್ಕದ ಮನೆ ಸುದ್ದಿಯ ಹಾಗೆ ಕೇಳಿಸಿತು. ದುಡ್ಡು ಕೊಡಲು ಹೋದರೆ ಬೈದ.

ಪಂಢರಪುರ ಮುಟ್ಟಿದಾಗ ಮೂರು ಗಂಟೆ. ಏಕಾದಶಿ ಅಲ್ಲದ ದಿನ ಹೋದರೆ ಇಲ್ಲಿ ಉಸಿರಾಡಬಹುದು. ಸಮಯ ಇಲ್ಲದವರಿಗೆ ದೂರದಿಂದ ನೋಡುವ ಮುಖದರ್ಶನದ ಸಾಲು ಬೇರೆ ಇದೆ, ಬೇಗ ಆಗುತ್ತೆ. ನಾವೂ ಅದರಲ್ಲೇ ಹೋಗಿ, ನೇರವಾಗಿ ಸ್ಟೇಷನ್ನಿಗೆ ನಡೆದೆವು. ಸಣ್ಣ ಗಾಡಿ ಇಲ್ಲಿಗೆ ಬಂದಿದ್ದು 1906ರಲ್ಲಿ. ಈಗ ಎಲ್ಲ ದೊಡ್ಡ ಹಳಿ. ಮೈಸೂರಿನಿಂದ ಹೊರಡುವ ಗೋಲಗುಂಬಜ್ ಎಕ್ಸ್‌ಪ್ರೆಸ್ ನೇರ ಇಲ್ಲಿಗೇ ಬರುತ್ತೆ. ಆಯಿಯ ಮೂರು ಗಾಡಿ ಒಂದಾಗಿದೆ. ಅವಳು ಇದ್ದಿದ್ದರೆ ಖುಷಿಪಡುತ್ತಿದ್ದಳೋ, ಹೇಳಿಕೊಳ್ಳೋಕೆ ಏನೂ ಉಳಿಯಲಿಲ್ಲ ಅಂತ ಗೊಣಗುತ್ತಿದ್ದಳೋ.

ಸ್ಟೇಷನ್ ಎದುರಿನ ಚಹಾದವನಿಗೆ ಹಳೆಯ ಗಾಡಿ ಬಗ್ಗೆ ಕೇಳಿದೆ. ನಕ್ಕ. ವಾರಿ, ಅಂದರೆ ವಿಠ್ಠಲನ ಯಾತ್ರೆಯ ದಿನಗಳಲ್ಲಿ ಛತ್ತಿನ ಮೇಲೂ ಜನ ಇರುತ್ತಿದ್ದರಂತೆ. ಏರು ಬಂದಾಗ ಕೆಲವರು ಇಳಿದು, ಪಕ್ಕದಲ್ಲೇ ನಡೆದು, ಮತ್ತೆ ಹತ್ತುತ್ತಿದ್ದರಂತೆ. "ಅವನು ಬಾರ್ಶಿ ಲೈಟ್" ಅಂದರೆ ಅವರ ಮನೆಯಲ್ಲಿ ಈಗಲೂ ನಿಧಾನದ ಮನುಷ್ಯ ಅಂತ ಅರ್ಥವಂತೆ. ನನ್ನ ಜೊತೆಗಾರ ಆ ಕ್ಷಣದಿಂದ ನನ್ನನ್ನು ಹಾಗೇ ಕರೆಯೋಕೆ ಶುರು ಮಾಡಿದ.

ಎರಡನೇ ದಿನ: ಕುರ್ಡುವಾಡಿ, ಬಾರ್ಶಿ

ಹಳಿ ಹಿಡಿದುಕೊಂಡೇ ಹೋಗೋಣ ಅಂತ ಮೋಡನಿಂಬದ ದಾರಿ ಹಿಡಿದೆವು. ರಸ್ತೆ ಆಗಾಗ ಹಳಿಯ ಹತ್ತಿರ ಬರುತ್ತೆ, ಮತ್ತೆ ದೂರ ಹೋಗುತ್ತೆ. ಹೇಳಿಕೊಳ್ಳುವಂಥದ್ದು ಏನೂ ಆಗಲಿಲ್ಲ. ಒಂದು ನಾಯಿ ಅಟ್ಟಿಸಿಕೊಂಡು ಬಂತು, ಅಷ್ಟೇ.

ಕುರ್ಡುವಾಡಿ ಅಂದರೆ ಸುಮ್ನೆ ಒಂದು ಜಂಕ್ಷನ್ ಅಂದುಕೊಂಡಿದ್ದೆ. ಇಡೀ ಊರೇ ರೈಲಿನದು. ಮುಂಬಯಿ ಕಡೆಯಿಂದ ದೊಡ್ಡ ಹಳಿ ಇಲ್ಲಿಗೆ ಬಂದಿದ್ದು 1859ರಲ್ಲಿ, ಸೊಲ್ಲಾಪುರ ಮುಟ್ಟಿದ್ದು ಮರುವರ್ಷ. ಆಗ ಈ ಸ್ಟೇಷನ್ನಿನ ಹೆಸರು ಬಾರ್ಶಿ ರೋಡ್. ಬಾರ್ಶಿ ಇರೋದು ಇಲ್ಲಿಂದ ಸುಮಾರು 35 ಕಿ.ಮೀ. ಆಚೆ! ನಮ್ಮ ಇಂಡಿ ರೋಡ್ ಸ್ಟೇಷನ್ನಿನಿಂದ ಇಂಡಿ ಎಷ್ಟು ದೂರ ಅಂತ ಗೊತ್ತಿದ್ದವರಿಗೆ ಈ 'ರೋಡ್' ಅನ್ನೋದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಬಾರ್ಶಿ ಹತ್ತಿ, ಕಾಳುಕಡಿಯ ದೊಡ್ಡ ಪೇಟೆ. ಅಲ್ಲಿನ ಮಾಲೆಲ್ಲ ಎತ್ತಿನ ಗಾಡಿಯಲ್ಲಿ ಇಲ್ಲಿಗೆ ಬರಬೇಕಿತ್ತು.

ಇದನ್ನು ನೋಡಿದವನು ಎವರಾರ್ಡ್ ಕಾಲ್ತ್ರಾಪ್ ಅನ್ನೋ ಇಂಗ್ಲಿಷ್ ಎಂಜಿನಿಯರ್. ದೊಡ್ಡ ರೈಲು ಕಂಪನಿಯ ಕೆಲಸ ಬಿಟ್ಟು, 1895ರಲ್ಲಿ ಲಂಡನ್ನಿನಲ್ಲಿ ಬಾರ್ಶಿ ಲೈಟ್ ಕಂಪನಿ ಕಟ್ಟಿದ. 1897ರಲ್ಲಿ ಗಾಡಿ ಓಡಿಸಿಯೇ ಬಿಟ್ಟ. ಅವನ ಲೆಕ್ಕ ನಮ್ಮ ಗಾಣಿಗರ ಲೆಕ್ಕದಷ್ಟೇ ಸರಳ. ಎಂಜಿನ್ ಆಗಲಿ, ಡಬ್ಬಿ ಆಗಲಿ, ಯಾವ ಅಚ್ಚಿನ ಮೇಲೂ 5 ಟನ್‌ಗಿಂತ ಜಾಸ್ತಿ ಭಾರ ಬೀಳಬಾರದು. ಭಾರ ಹೀಗೆ ಸಮನಾಗಿ ಹಂಚಿದರೆ ಹಳಿ ಸಣ್ಣದಿದ್ದರೂ ತಡೆಯುತ್ತೆ, ಸೇತುವೆ ಹಗುರ ಇದ್ದರೂ ನಡೆಯುತ್ತೆ, ಖರ್ಚು ಕಡಿಮೆ. ಅದಕ್ಕೇ ಅವನ ಎಂಜಿನ್ನುಗಳಿಗೆ ಅಷ್ಟೊಂದು ಗಾಲಿ. ಈಗಿನ ಗೂಡ್ಸ್ ಡಬ್ಬಿಗಳಲ್ಲಿ ಒಂದು ಅಚ್ಚಿನ ಮೇಲೆ 20 ಟನ್‌ಗೂ ಜಾಸ್ತಿ ಇರುತ್ತೆ. ಇದೇ ಮನುಷ್ಯ ಮುಂದೆ ವಿಮಾನದವರಿಗೆ ಪ್ಯಾರಾಚೂಟ್ ಮಾಡಿದ. "ಹಗುರ ಇಳಿಸೋದು ಅವನ ಚಟ" ಅಂದ ನನ್ನ ಜೊತೆಗಾರ.

ಲೈನು ಬೆಳೆಯಿತು. ಪಂಢರಪುರ ಆದಮೇಲೆ 1911ರಲ್ಲಿ ಲಾತೂರ್, 1927ರಲ್ಲಿ ಮಿರಜ್. ಎಲ್ಲ ಸೇರಿ ಸುಮಾರು 325 ಕಿ.ಮೀ. 1954ರವರೆಗೆ ಇದು ಕಂಪನಿಯ ಆಸ್ತಿಯಾಗಿಯೇ ಇತ್ತು, ಆಮೇಲೆ ಸರ್ಕಾರ ಕೊಂಡಿತು.

ಸ್ಟೇಷನ್ ಪಕ್ಕದಲ್ಲೇ ರೈಲ್ವೆ ವರ್ಕ್‌ಶಾಪ್ ಇದೆ. ಸಣ್ಣ ಗಾಡಿ ಹೋದಮೇಲೂ ಮುಚ್ಚಿಲ್ಲ. ಪರವಾನಗಿ ಇಲ್ಲದೆ ಒಳಗೆ ಬಿಡಲ್ಲ, ಬಿಡಬೇಕು ಅಂತ ನಾವೂ ಹಟ ಮಾಡಲಿಲ್ಲ. ಗೇಟಿನ ಹೊರಗೆ ವಡಾಪಾವ್ ತಿನ್ನುತ್ತಾ ನಿಂತಾಗ ಪಕ್ಕದಲ್ಲಿದ್ದ ನೀಲಿ ಅಂಗಿಯ ಕೆಲಸಗಾರ ಒಂದು ಮಾತು ಹೇಳಿದ. ಮಾಥೇರಾನ್ ಗುಡ್ಡದ ಪುಟ್ಟ ರೈಲಿನ ಡಬ್ಬಿಗಳು ರಿಪೇರಿಗೆ ಇಲ್ಲಿಗೇ ಬರುತ್ತವಂತೆ. ಹಳಿ ಮೇಲಲ್ಲ, ಲಾರಿ ಮೇಲೆ. ಊರಿನ ಹಳಿ ಕಿತ್ತು ಹೋದರೂ ಸಣ್ಣ ಗಾಲಿ ತಿರುಗಿಸೋ ಕೈಗಳು ಇಲ್ಲೇ ಇವೆ ಅಂತ ಅವನು ಹೇಳಿದ ರೀತಿಯಲ್ಲಿ ಸ್ವಲ್ಪ ಜಂಬವಿತ್ತು. ಇರಲಿ ಬಿಡಿ.

ಬಾರ್ಶಿಗೆ ಒಂದು ಗಂಟೆಯ ದಾರಿ. ಇಲ್ಲಿನ ಸ್ಟೇಷನ್ನಿನ ಹೆಸರು ಈಗಲೂ ಬಾರ್ಶಿ ಟೌನ್. 'ರೋಡ್' ಹೋದರೂ 'ಟೌನ್' ಉಳಿದಿದೆ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಬಿಸಿಲು ಕಾಯಿಸುತ್ತಾ ಒಬ್ಬ ಹಿರಿಯರು ಕೂತಿದ್ದರು. ನಮ್ಮ ಕನ್ನಡ ಕೇಳಿ ತಾವೇ ಮಾತಿಗೆ ಬಂದರು. ಮೂಲ ಅಕ್ಕಲಕೋಟೆ ಕಡೆಯವರು, ಮಗನ ಮನೆಯಲ್ಲಿ ಇದ್ದಾರೆ. ಅವರಿಗೆ ಸಣ್ಣ ಗಾಡಿಗಿಂತ ನೀರಿನ ಗಾಡಿಯ ನೆನಪೇ ಜಾಸ್ತಿ. 2016ರ ಏಪ್ರಿಲ್, ಲಾತೂರಿನಲ್ಲಿ ಕುಡಿಯೋಕೆ ನೀರಿಲ್ಲ. ಮಿರಜಿನಲ್ಲಿ ತುಂಬಿಸಿ 10 ಟ್ಯಾಂಕರ್ ಡಬ್ಬಿಗಳ ರೈಲು ಕಳಿಸಿದರು. ಸುಮಾರು 5 ಲಕ್ಷ ಲೀಟರ್. ಆಮೇಲೆ 50 ಡಬ್ಬಿಗಳ ರೈಲೂ ಓಡಿತು. ಮಿರಜ್, ಪಂಢರಪುರ, ಕುರ್ಡುವಾಡಿ, ಬಾರ್ಶಿ, ಲಾತೂರ್. ಕಾಲ್ತ್ರಾಪನ ಲೈನಿನ ಒಂದು ತುದಿಯಿಂದ ಇನ್ನೊಂದು ತುದಿ! "ರಾತ್ರಿ ಎದ್ದು ಬಂದು ನೋಡಿದ್ದೆ ನಾ. ಗಾಡ್ಯಾಗ ಮಂದಿ ಇಲ್ಲ, ಬರೇ ನೀರು. ಯಾರೂ ಮಾತಾಡ್ಲಿಲ್ಲ, ನೋಡ್ಕೋತ ನಿಂತ್ವಿ" ಅಂದರು. ಸಣ್ಣ ಹಳಿ ಹಾಗೇ ಇದ್ದಿದ್ದರೆ ಈ ಟ್ಯಾಂಕರುಗಳು ಬರುತ್ತಿರಲಿಲ್ಲ. ಸಣ್ಣ ಗಾಡಿ ಹೋಯ್ತಲ್ಲ ಅಂತ ಎರಡು ದಿನದಿಂದ ಮುಖ ಸಪ್ಪೆ ಮಾಡಿಕೊಂಡಿದ್ದ ನನಗೆ ಅದಕ್ಕೆ ಎದುರು ಹೇಳೋಕೆ ಏನೂ ಸಿಗಲಿಲ್ಲ.

ಸಂಜೆ ಭಗವಂತನ ಗುಡಿ ನೋಡಿ, ಒಂದು ಖಾನಾವಳಿಯಲ್ಲಿ ಬಿಸಿ ಭಾಕ್ರಿ, ಪಿಠ್ಲಾ, ಹಸಿಮೆಣಸಿನ ಠೇಚಾ. ಠೇಚಾವನ್ನು ಚಟ್ನಿಯ ಹಾಗೆ ಹಾಕಿಕೊಂಡ ನನ್ನ ಜೊತೆಗಾರ ಹತ್ತು ನಿಮಿಷ ಮಾತಾಡಲಿಲ್ಲ. ಆ ಹತ್ತು ನಿಮಿಷ ನಾನು ಬಾರ್ಶಿ ಲೈಟ್ ಆಗಿರಲಿಲ್ಲ.

ಮೂರನೇ ದಿನ: ರಾಮಲಿಂಗ, ಒಂದು ಹಾಲ್ಟ್, ತೇರ್, ಸೊಲ್ಲಾಪುರ

ಬಾರ್ಶಿಯಿಂದ ಯೇಡಶಿ ಕಡೆಗೆ ಹೋಗ್ತಾ ಬಯಲು ಮುಗಿದು ಬಾಲಾಘಾಟದ ಗುಡ್ಡ ಶುರುವಾಗುತ್ತೆ. ಯೇಡಶಿ ಹತ್ತಿರ ಕಣಿವೆಯೊಳಗೆ ರಾಮಲಿಂಗನ ಗುಡಿ. ಮೆಟ್ಟಿಲಿಳಿದು ಹೋಗಬೇಕು. ಜಟಾಯುವಿನ ಸಮಾಧಿ ಇಲ್ಲೇ ಅನ್ನುತ್ತಾರೆ. ಮಳೆಗಾಲದಲ್ಲಿ ಗುಡಿಯ ಪಕ್ಕ ಜಲಪಾತ ಇರುತ್ತೆ, ನಮಗೆ ಸಿಕ್ಕಿದ್ದು ಒಣ ಬಂಡೆ ಮತ್ತು ಕೋತಿ. ಕೈಯಲ್ಲಿ ಏನೂ ಹಿಡಿದುಕೊಂಡು ಇಳಿಯಬೇಡಿ. ನನ್ನ ಜೊತೆಗಾರನ ಬಿಸ್ಕತ್ತಿನ ಪೊಟ್ಟಣ ಅವನ ಕೈಯಲ್ಲಿ ಇದ್ದಿದ್ದು ಮೂರೇ ಮೆಟ್ಟಿಲು.

ಮೇಲೆ ಬಂದು ಬೈಕ್ ಹತ್ತಿದರೆ ಕ್ಲಚ್ ಕೇಬಲ್ ಕಟ್. ತಳ್ಳಿಕೊಂಡು ಯೇಡಶಿಗೆ ಬಂದೆವು. ಮೆಕ್ಯಾನಿಕ್ ಹುಡುಗ ನಮ್ಮ ಬೈಕಿನ ಕೇಬಲ್ ಇಲ್ಲ ಅಂದ, ಬೇರೆ ಬೈಕಿನದನ್ನೇ ಕತ್ತರಿಸಿ, ತುದಿಗೆ ಒಂದು ಗುಂಡು ಬಿಗಿದು ಕೂರಿಸಿದ. ಅದು ಇವತ್ತಿಗೂ ಇದೆ. ಕೆಲಸ ಮಾಡುತ್ತಲೇ ಕೇಳಿದ, ಎಲ್ಲಿಗೆ ಹೊರಟಿದ್ದೀರಿ ಅಂತ. ಹೇಳಿದೆವು. ಸ್ಪ್ಯಾನರ್ ಹಿಡಿದ ಕೈಯಲ್ಲೇ ದಾರಿ ತೋರಿಸಿದ. ದೊಡ್ಡ ಹಳಿ ಹಾಕುವಾಗ ಧಾರಾಶಿವ ಊರಿಗೂ ರೈಲು ಬರಲಿ ಅಂತ ದಾರಿ ಬದಲಿಸಿದರು. 2007–08ರ ಹೊತ್ತಿಗೆ ಬಾರ್ಶಿ–ಲಾತೂರ್ ಕಡೆ ಹೊಸ ಹಳಿ ಮುಗಿಯಿತು. ಹಳೆಯ ಹಳಿ ಹೋಗುತ್ತಿದ್ದ ಕೆಲವು ಊರುಗಳು ಹಾಗೇ ಪಕ್ಕಕ್ಕೆ ಉಳಿದವು. "ಅಂಥ ಒಂದು ಊರಲ್ಲಿ ನಮ್ಮ ಅತ್ತೆ ಇದ್ದಾಳೆ, ಅಲ್ಲಿ ಸ್ಟೇಷನ್ ಇನ್ನೂ ನಿಂತಿದೆ" ಅಂದ. ಆ ಊರಿನ ಹೆಸರು ಬರೆಯಲ್ಲ. ಯಾಕೆ ಅಂತ ಈಗ ಗೊತ್ತಾಗುತ್ತೆ.

ಹೊಲಗಳ ನಡುವೆ ಒಂದು ಮಣ್ಣಿನ ಏರಿ ನೇರವಾಗಿ ಹೋಗುತ್ತೆ. ಯಾವ ರೈತನೂ ಅಷ್ಟು ನೇರ ಏರಿ ಹಾಕಲ್ಲ. ಅದೇ ಹಳೆಯ ಲೈನು. ಈಗ ಎತ್ತಿನ ಗಾಡಿ ಹೋಗುತ್ತವೆ. ನಾವೂ ಅದರ ಮೇಲೆ ಒಂದಷ್ಟು ದೂರ ಬೈಕ್ ಬಿಟ್ಟೆವು. ನೂರು ವರ್ಷ ಆದರೂ ಉಬ್ಬುತಗ್ಗು ಇಲ್ಲ. ಪಕ್ಕದ ಬೇಲಿಯಲ್ಲಿ ಕಂಬಕ್ಕೆ ಕಂಬ ಹಳಿಯ ತುಂಡು ನೆಟ್ಟಿದ್ದರು. ಇಳಿದು ಒಂದನ್ನು ಮುಟ್ಟಿ ನೋಡಿದೆ. ಮೇಲಿನ ಭಾಗ ನನ್ನ ಎರಡು ಬೆರಳಷ್ಟೂ ಅಗಲ ಇಲ್ಲ. ಒಂದು ಕಡೆ ಸವೆದು ನುಣ್ಣಗಾಗಿದೆ, ಇನ್ನೊಂದು ಕಡೆ ಒರಟಾಗಿ ತುಕ್ಕು. ಗಾಲಿ ತಾಗುತ್ತಿದ್ದ ಕಡೆ ಯಾವುದು ಅಂತ ಕಣ್ಣು ಮುಚ್ಚಿಕೊಂಡೂ ಹೇಳಬಹುದು.

ಸ್ಟೇಷನ್ ಅಂದರೆ ಎರಡು ಕೋಣೆಯ ಕಲ್ಲಿನ ಮನೆ. ಮುಂದೆ ಒಂದು ಬೇವಿನ ಮರ. ಪ್ಲಾಟ್‌ಫಾರ್ಮ್ ಅನ್ನೋಕೆ ನೆಲದಿಂದ ಒಂದು ಗೇಣು ಎತ್ತರದ ಕಟ್ಟೆ, ಅದರ ಮೇಲೆ ಶೇಂಗಾ ಒಣಹಾಕಿದ್ದರು. ಊರಿನ ಹೆಸರಿನ ಕಲ್ಲಿಗೆ ಎಮ್ಮೆ ಕಟ್ಟಿತ್ತು. ಒಳಗೆ ಹಾಲಿನ ಡೇರಿ! ಸಂಜೆ ನಾಲ್ಕಕ್ಕೆ ಜನ ಕ್ಯಾನ್ ಹಿಡಿದು ಸಾಲು ನಿಂತಿದ್ದರು. ಟಿಕೆಟ್ ಕೊಡುತ್ತಿದ್ದ ಕಿಟಕಿ ಹಾಗೇ ಇದೆ, ಕಮಾನಿನ ಆಕಾರದ ಸಣ್ಣ ತೂತು. ಕೆಳಗಿನ ಕಲ್ಲು ಕೈ ಇಟ್ಟು ಇಟ್ಟು ಬಟ್ಟಲಿನ ಹಾಗೆ ತಗ್ಗಾಗಿದೆ. ಈಗ ಅದೇ ತಗ್ಗಿನಲ್ಲಿ ಹಾಲಿನ ಸ್ಯಾಂಪಲ್ ಬಾಟಲಿ ಇಡುತ್ತಾರೆ. ಒಳಗಿನಿಂದ ಒಂದು ಕೈ ಬಂದು ಬಾಟಲಿ ತಗೊಳ್ಳುತ್ತೆ. ಯಂತ್ರ ಗುಂಯ್ ಅನ್ನುತ್ತೆ. ಚೀಟಿ ಹೊರಗೆ ಬರುತ್ತೆ. ಲೀಟರ್ ಎಷ್ಟು, ಫ್ಯಾಟ್ ಎಷ್ಟು, ದುಡ್ಡು ಎಷ್ಟು.

ಆ ಕೈ ಆಳಂದ ಕಡೆಯ ಹೆಣ್ಣುಮಗಳದು. ನಾವು ನಮ್ಮೊಳಗೆ ಮಾತಾಡುತ್ತಿದ್ದಾಗ ಕಿಟಕಿಯೊಳಗಿನಿಂದಲೇ "ಯಾವೂರವ್ರಿ ನೀವು?" ಅಂತ ಬಂತು. ವಿಜಯಪುರ ಅಂದೆವು. ಹೊರಗೆ ಬಂದಳು. ಮದುವೆಯಾಗಿ ಬಂದು ಹದಿನೈದು ವರ್ಷ. ಇಲ್ಲಿ ಕನ್ನಡ ಆಡೋರು ಅವಳೊಬ್ಬಳೇ, ಫೋನಿನಲ್ಲಿ ತವರಿನವರ ಜೊತೆ ಬಿಟ್ಟರೆ ಮಾತಿಲ್ಲ. "ಎಮ್ಮಿ ಜೋಡಿ ಕನ್ನಡಾನೇ ಆಡ್ತೀನ್ರಿ, ಅದಕ್ಕ ತಿಳೀತದ" ಅಂದಳು. ಕಟ್ಟಡ ಯಾರದು, ಕಾಗದ ಏನಿದೆ ಅಂತ ನಾನು ಕೇಳಿದ್ದಕ್ಕೆ ಸಾಲಿನಲ್ಲಿದ್ದವರೆಲ್ಲ ನಕ್ಕರು. ಖಾಲಿ ಬಿದ್ದಿತ್ತು, ಜೂಜಾಡೋರು ಸೇರಿಕೊಂಡಿದ್ದರು, ಅವರನ್ನು ಓಡಿಸಿ ಊರವರೇ ಬಾಗಿಲು ಹಾಕಿಸಿ ಸುಣ್ಣ ಬಳಿದರು. ಅಷ್ಟೇ ಗೊತ್ತು. ಊರಿನ ಹೆಸರು ಬರೀಬೇಡಿ ಅಂದಿದ್ದು ಅದಕ್ಕೇ. ನನಗಂತೂ ಅವರ ಮೇಲೆ ತಪ್ಪು ಕಾಣಲಿಲ್ಲ. ಇದೇ ಲೈನಿನ ಅಂಚಿನಲ್ಲಿ ಛಾವಣಿ ಬಿದ್ದು ಜಾಲಿ ಬೆಳೆದ ಗೋಡೆ ನೋಡಿಕೊಂಡೇ ಬಂದಿದ್ದೆವು.

ಚಹಾ ಕೊಟ್ಟಳು. ಗಟ್ಟಿ ಹಾಲಿನ ಚಹಾ, ಡೇರಿಯಲ್ಲಿ ಕುಡಿಯೋದಲ್ವಾ. ಸಾಲಿನಲ್ಲಿದ್ದ ಒಬ್ಬ ಅಜ್ಜಿಗೆ ಸಣ್ಣ ಗಾಡಿ ನೆನಪಿದೆಯಾ ಅಂತ ಅವಳ ಕೈಲೇ ಕೇಳಿಸಿದೆ. ಅಜ್ಜಿ ಮರಾಠಿಯಲ್ಲಿ ಹೇಳಿದ್ದನ್ನು ಅವಳು ತಿರುಗಿಸಿ ಹೇಳಿದಳು. ಗಾಡಿ ಸಿಳ್ಳೆ ಹಾಕಿದಮೇಲೆ ಮನೆಯಿಂದ ಹೊರಟರೂ ಸಿಗುತ್ತಿತ್ತಂತೆ.

ತೇರ್ ಮುಟ್ಟುವಷ್ಟರಲ್ಲಿ ಹೊತ್ತು ಮುಳುಗೋಕೆ ಬಂದಿತ್ತು. ಮ್ಯೂಸಿಯಂ ಬಾಗಿಲು ಹಾಕಿತ್ತು. ನೀವು ಹೋಗೋದಾದರೆ ಇದನ್ನು ಬೆಳಿಗ್ಗೆಗೇ ಇಟ್ಟುಕೊಳ್ಳಿ, ನಾವು ಹೊಟ್ಟೆ ಉರಿಸಿಕೊಂಡ ಹಾಗೆ ಆಗೋದು ಬೇಡ. ಎರಡು ಸಾವಿರ ವರ್ಷದ ಹಿಂದೆ ಇದು ತಗರ, ಗ್ರೀಕರ ಬರಹದಲ್ಲೂ ಹೆಸರಿರುವ ಪೇಟೆ. ಸಂತ ಗೋರಾ ಕುಂಬಾರನ ಊರೂ ಇದೇ. ಇಟ್ಟಿಗೆಯ ತ್ರಿವಿಕ್ರಮನ ಗುಡಿ ಮಾತ್ರ ನೋಡಿದೆವು. ಹಿಂಭಾಗ ಅರ್ಧಚಂದ್ರದ ಹಾಗೆ ದುಂಡಗಿದೆ. ಮೊದಲು ಬೌದ್ಧರ ಚೈತ್ಯವಾಗಿತ್ತು ಅನ್ನುತ್ತಾರೆ ತಿಳಿದವರು. "ಇದೂ ಡೇರಿನೇ ಬಿಡು" ಅಂದ ನನ್ನ ಜೊತೆಗಾರ. ನಾಲ್ಕು ದಿನದಲ್ಲಿ ಅವನು ಆಡಿದ ಒಳ್ಳೆಯ ಮಾತು ಅದೊಂದೇ.

ತುಳಜಾಪುರದ ಮೇಲೆ ಸೊಲ್ಲಾಪುರಕ್ಕೆ ಬಂದಾಗ ರಾತ್ರಿ ಹತ್ತು. ಸಿದ್ಧರಾಮೇಶ್ವರನ ಗಡ್ಡಾ ಜಾತ್ರೆಯ ಗದ್ದಲ ಇನ್ನೂ ಇಳಿದಿರಲಿಲ್ಲ. ಮೈದಾನದಲ್ಲಿ ತಿರುಗುವ ತೊಟ್ಟಿಲು, ಲಾಡ್ಜುಗಳೆಲ್ಲ ಭರ್ತಿ. ಐದನೇ ಲಾಡ್ಜಿನಲ್ಲಿ ಕನ್ನಡದಲ್ಲಿ ಗೋಗರೆದ ಮೇಲೆ ಒಂದು ಕಿಟಕಿ ಇಲ್ಲದ ಕೋಣೆ ಸಿಕ್ಕಿತು. ಜನವರಿಯಲ್ಲಿ ಇಲ್ಲಿಗೆ ಬರೋರು ಮೊದಲೇ ಫೋನ್ ಮಾಡಿ.

ನಾಲ್ಕನೇ ದಿನ: ಮನೆ

ಒಂದು ಕಿಲೋ ಶೇಂಗಾ ಚಟ್ನಿ, ಎರಡು ಕಟ್ಟು ಕಡಕ್ ರೊಟ್ಟಿ, ಅವ್ವನಿಗೆ ಒಂದು ಚಾದರ. ಚಟ್ನಿಯನ್ನು ಒರಳಲ್ಲಿ ಕುಟ್ಟಿದ್ದು ಅಂತ ಕೇಳಿ ತಗೊಳ್ಳಿ, ಎಣ್ಣೆ ಬಿಟ್ಟುಕೊಂಡು ಉಂಡೆಯಾಗುವಂಥದ್ದು. ಧೂಳಖೇಡದ ಹತ್ತಿರ ಭೀಮಾ ದಾಟಿ, ಹನ್ನೊಂದಕ್ಕೆಲ್ಲ ಮನೆ.

ಅವ್ವ ಚಟ್ನಿ ರುಚಿ ನೋಡುತ್ತಾ ಕೇಳಿದಳು, "ಮತ್ತ, ಗಾಡಿ ಇತ್ತೇನು?"

"ಇಲ್ಲ."

"ನಾಕ ದಿನಾ ಏನ್ ನೋಡಿದ್ರಿ ಹಂಗಾರ?"

ಮೊಬೈಲ್ ತೆಗೆದು ಟಿಕೆಟ್ ಕಿಟಕಿಯ ಫೋಟೋ ತೋರಿಸಿದೆ. ಕನ್ನಡಕ ಏರಿಸಿ, ಎರಡು ಬೆರಳಲ್ಲಿ ಹಿಗ್ಗಿಸಿ, ಆ ತಗ್ಗಾದ ಕಲ್ಲನ್ನೂ ಬಾಟಲಿಯನ್ನೂ ಬಹಳ ಹೊತ್ತು ನೋಡಿದಳು.

"ಫ್ಯಾಟ್ ಎಷ್ಟ್ ಬಂತಂತ?" ಅಂದಳು.